ಅಲಬಾಮದ ಕರಿಮಣ್ಣು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ ಟಾಂಬಿಗ್‌ಬಿ ಎಂಬ ನದಿಯೊಂದು ಹರಿಯುತ್ತದೆ. ಕಡಲತೀರದಿಂದ ನೂರು ಮೈಲಿಗೂ ಹೆಚ್ಚು ದೂರ ಒಳನಾಡಿಗೆ ಬಂದರೆ, ಎಪ್ಸ್ ಎಂಬ ಚಿಕ್ಕ ಊರಿನ ಬಳಿ ಆ ನದಿಯ ದಂಡೆ ಎತ್ತರವಾದ ಬಿಳಿಯ ಗೋಡೆಯಂತೆ ಎದ್ದು ನಿಂತಿರುವುದು ಕಾಣುತ್ತದೆ. ಆ ಗೋಡೆ ಸೀಮೆಸುಣ್ಣದ ಕಲ್ಲಿನದು. ಅದರ ಪದರಗಳಲ್ಲಿ ಸಿಂಪಿಗಳೂ ಇತರ ಕಡಲಜೀವಿಗಳ ಚಿಪ್ಪುಗಳೂ ಹುದುಗಿವೆ. ಕಡಲೇ ಇಲ್ಲದ ಎಡೆಗೆ ಕಡಲ ಚಿಪ್ಪುಗಳು ಬಂದುದು ಹೇಗೆ? ಸುಮಾರು 8 ಕೋಟಿ ವರ್ಷಗಳ ಹಿಂದೆ ಈ ನೆಲವೆಲ್ಲ ಬೆಚ್ಚಗಿನ ಸಮುದ್ರವೊಂದರ ತಳವಾಗಿದ್ದಿತು. ಆ ಸಮುದ್ರದಲ್ಲಿ ಬಾಳಿ ಅಳಿದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಸುಣ್ಣದ ಕವಚಗಳು ತಳಕ್ಕೆ ಇಳಿದು, ಪದರದ ಮೇಲೆ ಪದರವಾಗಿ ಕೂಡಿಕೊಂಡು ಕಲ್ಲಾದವು. ಮುಂದೆ ಸಮುದ್ರವು ದಕ್ಷಿಣಕ್ಕೆ ಸರಿಯಿತು. ಮಳೆಬಿಸಿಲುಗಳಿಗೆ ಒಡ್ಡಿಕೊಂಡ ಆ ಸುಣ್ಣದ ಕಲ್ಲು ಸವೆದು, ಅದರ ಮೇಲೆ ಹುಲ್ಲು ಬೆಳೆದು ಕೊಳೆತು, ಕಾಲಾಂತರದಲ್ಲಿ ಕಪ್ಪಾದ ಫಲವತ್ತಾದ ಮಣ್ಣು ಉಂಟಾಯಿತು. ಬಿಳಿಯ ಕಲ್ಲಿನ ಮೇಲೆ ಹರಡಿದ ಆ ಕರಿಮಣ್ಣಿನ ಕಥೆಯೇ ಬಹುಮಟ್ಟಿಗೆ ಅಲಬಾಮ ರಾಜ್ಯದ ಕಥೆ.

ಭೂಪಟವನ್ನು ಬಿಡಿಸಿ ನೋಡಿರಿ. ಅಲಬಾಮ ರಾಜ್ಯವು ನಿಲ್ಲಿಸಿದ ಹಲಗೆಯಂತೆ ನೀಳವಾಗಿದೆ. ಉತ್ತರಕ್ಕೆ ಟೆನೆಸೀ, ಪೂರ್ವಕ್ಕೆ ಜಾರ್ಜಿಯ, ಪಶ್ಚಿಮಕ್ಕೆ ಮಿಸಿಸಿಪಿ, ದಕ್ಷಿಣಕ್ಕೆ ಫ್ಲಾರಿಡ ರಾಜ್ಯಗಳು ಇದನ್ನು ಸುತ್ತುವರಿದಿವೆ. ನೈರುತ್ಯದ ಮೂಲೆಯಲ್ಲಿ ಮಾತ್ರ ಈ ನಾಡು ಒಂದು ಪಾದವನ್ನು ಚಾಚಿ ಮೆಕ್ಸಿಕೊ ಕೊಲ್ಲಿಯ ನೀರನ್ನು ಮುಟ್ಟುತ್ತದೆ. ಕೊಲ್ಲಿಯ ಮೇಲಿನ ಇದರ ಕರಾವಳಿಯ ಉದ್ದ 53 ಮೈಲಿಗಳಷ್ಟೆ. ಇದರ ವಿಸ್ತೀರ್ಣ ಸುಮಾರು 1,35,700 ಚದರ ಕಿಲೋಮೀಟರುಗಳು. ಎಂದರೆ ನಮ್ಮ ಕರ್ನಾಟಕದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 50 ಲಕ್ಷ 24 ಸಾವಿರ. ರಾಜಧಾನಿ ಮಾಂಟ್‌ಗಮರಿ.

ರಾಜ್ಯದ ಈಶಾನ್ಯದಲ್ಲಿ ಆಪಲೇಷಿಯನ್ ಪರ್ವತಶ್ರೇಣಿಯ ಬಾಲವಿದೆ. ಅಲ್ಲಿನ ಚೀಹಾ ಎಂಬ ಶಿಖರವೇ ರಾಜ್ಯದ ಅತ್ಯುನ್ನತ ಸ್ಥಳ. ಆದರೂ ಅದರ ಎತ್ತರ 734 ಮೀಟರುಗಳನ್ನು ಮೀರದು. ಬಡಗಣ ಭಾಗದಲ್ಲಿ ಟೆನೆಸೀ ನದಿಯು ಬಾಗಿ ಬಳುಕಿ ಹರಿದು ಮತ್ತೆ ಉತ್ತರಕ್ಕೇ ಹೊರಟುಹೋಗುತ್ತದೆ. ಉಳಿದ ಹೊಳೆಗಳೆಲ್ಲ ದಕ್ಷಿಣಮುಖಿಗಳು. ಕೂಸಾ, ಟ್ಯಾಲಪೂಸಾ ನದಿಗಳು ಮಾಂಟ್‌ಗಮರಿಯ ಸಮೀಪದಲ್ಲಿ ಸಂಗಮಿಸಿ ಅಲಬಾಮ ನದಿಯಾಗುತ್ತವೆ. ಅದು ಮುಂದೆ ಟಾಂಬಿಗ್‌ಬಿಯನ್ನು ಕೂಡಿಕೊಂಡು ಮೊಬೀಲ್ ಎಂಬ ಹೆಸರಿನಿಂದ ಕೊಲ್ಲಿಯನ್ನು ಸೇರುತ್ತದೆ. ದಕ್ಷಿಣದಲ್ಲಿ ಮರಳುಮಿಶ್ರಿತ ನೆಲ, ಪೈನ್ ಮರಗಳ ಕಾಡು. ಬೇಸಗೆ ಇಲ್ಲಿ ಸೆಕೆಯಿಂದ ಕೂಡಿರುತ್ತದೆ. ವರ್ಷದುದ್ದಕ್ಕೂ ಮಳೆ ಉಂಟು. ಕೊಲ್ಲಿಯ ಕಡೆಯಿಂದ ಚಂಡಮಾರುತಗಳೂ ಆಗಾಗ ಎರಗುತ್ತವೆ.

ಈ ಬೆಟ್ಟನಾಡಿಗೂ ಪೈನ್ ಕಾಡಿಗೂ ನಡುವೆ, ಪೂರ್ವದಿಂದ ಪಶ್ಚಿಮಕ್ಕೆ ರಾಜ್ಯವನ್ನು ಅಡ್ಡಹಾಯ್ದು ನೆರೆಯ ಮಿಸಿಸಿಪಿಯವರೆಗೆ ಬಾಗಿದ ಕುಡುಗೋಲಿನಂತೆ ಹಬ್ಬಿರುವುದೇ ಕರಿಮಣ್ಣಿನ ಪಟ್ಟಿ. ಇದರ ಅಗಲ ಸುಮಾರು 25 ಮೈಲಿ. ಧಾರವಾಡ, ಗದಗ, ವಿಜಯಪುರ ಜಿಲ್ಲೆಗಳ ಎರೆಯ ಹೊಲಗಳನ್ನು ಕಂಡವರಿಗೆ ಈ ನೆಲದ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದರೆ ಕಾಲಿಗೆ ಮೆತ್ತಿಕೊಂಡು ಬಿಡದ ಕೆಸರು. ಬಿಸಿಲು ಬಂದರೆ ಬಾಯ್ಬಿಟ್ಟ ಬಿರುಕುಗಳು. ನಮ್ಮ ದಖ್ಖನ್ನಿನ ಎರೆಯು ಬಹುಮಟ್ಟಿಗೆ ಅಗ್ನಿಶಿಲೆಯಿಂದ ಆದುದು, ಅಲಬಾಮದ್ದು ಕಡಲ ಸುಣ್ಣದಿಂದ ಆದುದು. ಹುಟ್ಟು ಬೇರೆಯಾದರೂ ಇವೆರಡಕ್ಕೂ ಹತ್ತಿ ಒಗ್ಗುತ್ತದೆ. ಅಮೆರಿಕದವರು ಈ ಪ್ರದೇಶವನ್ನು ‘ಕಪ್ಪು ಪಟ್ಟಿ’ ಎಂದೇ ಕರೆಯುತ್ತಾರೆ. ಮಣ್ಣಿನ ಬಣ್ಣದಿಂದ ಮೊದಲು ಬಂದ ಆ ಹೆಸರು, ಮುಂದೆ ಅಲ್ಲಿ ನೆಲಸಿದ ಕಪ್ಪು ಜನರನ್ನೂ ಸೂಚಿಸತೊಡಗಿತು. ಒಂದು ಹೆಸರಿಗೆ ಎರಡು ಅರ್ಥ ಬಂದ ಬಗೆಯನ್ನು ತಿಳಿಯಬೇಕಾದರೆ ಇತಿಹಾಸವನ್ನು ನೋಡಬೇಕು.

ಯುರೋಪಿನವರು ಕಾಲಿಡುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ನಾಗರಿಕ ಜನರಿದ್ದರು. ಬ್ಲ್ಯಾಕ್ ವಾರಿಯರ್ ನದಿಯ ದಡದಲ್ಲಿ, ಈಗ ಮೌಂಡ್‌ವಿಲ್ ಎನ್ನುವಲ್ಲಿ, ಅವರು ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು ಕಟ್ಟಿದ ಚಪ್ಪಟೆ ನೆತ್ತಿಯ ದಿಬ್ಬಗಳು ಇಂದಿಗೂ ನಿಂತಿವೆ. 1540ರಲ್ಲಿ ಸ್ಪೇನಿನ ಡಿ ಸೋಟೊ ಎಂಬ ಸೇನಾನಿ ಚಿನ್ನವನ್ನು ಅರಸುತ್ತ ಈ ನಾಡನ್ನು ಹಾದುಹೋದನು. ಟಸ್ಕಲೂಸ ಎಂಬ ನಾಯಕನ ಜನರಿಗೂ ಅವನ ಪಡೆಗೂ ಮಬಿಲಾ ಎಂಬಲ್ಲಿ ಘೋರ ಕಾಳಗವಾಯಿತು. ಅವನಿಗೆ ಚಿನ್ನ ಸಿಗಲಿಲ್ಲ. 1702ರಲ್ಲಿ ಫ್ರೆಂಚರು ಮೊಬೀಲ್ ಪಟ್ಟಣಕ್ಕೆ ಬುನಾದಿ ಹಾಕಿದರು. ಅದು ಅನಂತರ ಬ್ರಿಟಿಷರ ಕೈಗೂ, ಸ್ಪೇನಿನವರ ಕೈಗೂ ಹೋಗಿ, 1813ರಲ್ಲಿ ಸಂಯುಕ್ತ ಸಂಸ್ಥಾನಗಳ ವಶವಾಯಿತು. ಆದರೆ ಒಳನಾಡು ಆಗಲೂ ಕ್ರೀಕ್, ಚೆರೊಕೀ, ಚಾಕ್ಟಾ, ಚಿಕಸಾ ಎಂಬ ಮೂಲನಿವಾಸಿಗಳದಾಗಿಯೇ ಇದ್ದಿತು.

1814ರ ಮಾರ್ಚ್ 27ರಂದು ಟ್ಯಾಲಪೂಸಾ ನದಿಯು ಕುದುರೆಯ ಲಾಳದಂತೆ ತಿರುಗುವ ಎಡೆಯಲ್ಲಿ ಆಂಡ್ರೂ ಜಾಕ್ಸನ್ನನ ಸೇನೆಯು ಕ್ರೀಕರ ಒಂದು ಪಂಗಡವನ್ನು ಸೋಲಿಸಿತು. ಆ ವರ್ಷದ ಆಗಸ್ಟಿನಲ್ಲಿ ಆದ ಒಪ್ಪಂದದಂತೆ ಕ್ರೀಕರು 2 ಕೋಟಿ ಎಕರೆಗೂ ಮೀರಿದ ನೆಲವನ್ನು ಬಿಟ್ಟುಕೊಡಬೇಕಾಯಿತು. ಕಾಳಗದಲ್ಲಿ ಜಾಕ್ಸನ್ನನ ಪರವಾಗಿ ಹೋರಾಡಿದ್ದ ಕ್ರೀಕರ ನೆಲವೂ ಅದರಲ್ಲಿ ಹೋಯಿತೆಂಬುದನ್ನು ಮರೆಯಬಾರದು. ಅದೇ ಜಾಕ್ಸನ್ ಮುಂದೆ ಅಧ್ಯಕ್ಷನಾಗಿ 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆಗೆ ಸಾಗಿಸುವ ಶಾಸನಕ್ಕೆ ಸಹಿ ಹಾಕಿದನು. 1836ರಲ್ಲಿ ಕ್ರೀಕರನ್ನು, 1838ರಲ್ಲಿ ಚೆರೊಕೀಗಳನ್ನು ಸೈನಿಕರ ಕಾವಲಿನಲ್ಲಿ ಪಶ್ಚಿಮಕ್ಕೆ ನಡೆಸಲಾಯಿತು. ದಾರಿಯಲ್ಲಿ ಚಳಿಗೂ ರೋಗಕ್ಕೂ ಸಾವಿರಾರು ಜನ ಬಲಿಯಾದರು. ಚೆರೊಕೀಗಳಲ್ಲಿ ಸಿಕ್ವೋಯ ಎಂಬ ಜಾಣನೊಬ್ಬನಿದ್ದನು. ಇಂಗ್ಲಿಷ್ ಓದಲು ಬಾರದಿದ್ದ ಅವನು ಅಲಬಾಮದ ಈಶಾನ್ಯ ಮೂಲೆಯಲ್ಲಿ ವಾಸವಾಗಿದ್ದ ಕಾಲದಲ್ಲಿ ತನ್ನ ನುಡಿಗೆ ತಾನೇ ಒಂದು ಲಿಪಿಯನ್ನು ಕಲ್ಪಿಸಿ 1821ರ ಹೊತ್ತಿಗೆ ಪೂರ್ಣಗೊಳಿಸಿದನು. ನಮ್ಮ ಕಾಗುಣಿತದ ಅಕ್ಷರದಂತೆ ಅದರ ಒಂದೊಂದು ಅಕ್ಷರಕ್ಕೂ ಒಂದು ಪೂರ್ಣ ಉಚ್ಚಾರವುಂಟು. ಕೆಲವೇ ವರ್ಷಗಳಲ್ಲಿ ಅವನ ಜನರು ಆ ಲಿಪಿಯಲ್ಲಿ ಪತ್ರಿಕೆಯನ್ನೇ ಅಚ್ಚುಹಾಕಿದರು. ಅಷ್ಟಾದರೂ ಅವರಿಗೆ ತಮ್ಮ ನೆಲ ಉಳಿಯಲಿಲ್ಲ.

ನೆಲವೇನೋ ಬರಿದಾಯಿತು, ಅದನ್ನು ಉಳುವವರು ಯಾರು? 1793ರಲ್ಲಿ ಈಲೈ ವಿಟ್ನಿ ಎಂಬವನು ಹತ್ತಿಯ ಬೀಜವನ್ನು ಅರಳೆಯಿಂದ ಬೇರ್ಪಡಿಸುವ ಯಂತ್ರವನ್ನು ರಚಿಸಿದ್ದನು. ಕೈಯಿಂದ ದಿನವೆಲ್ಲ ಬಿಡಿಸಿದರೂ ಮುಗಿಯದ ಕೆಲಸವು ಯಂತ್ರದಿಂದ ಕ್ಷಿಪ್ರವಾಗಿ ಆಗತೊಡಗಿತು. ಇಂಗ್ಲೆಂಡಿನ ಗಿರಣಿಗಳು ಎಷ್ಟು ಹತ್ತಿ ಕೊಟ್ಟರೂ ಸಾಲದೆನ್ನುತ್ತಿದ್ದವು. ಪೂರ್ವದ ಹಳೆಯ ರಾಜ್ಯಗಳಲ್ಲಿ ಬೇಸಾಯದಿಂದ ನೆಲ ಸೊರಗಿದ್ದವರೆಲ್ಲ ಅಲಬಾಮದ ಕಡೆಗೆ ಗಾಡಿ ಕಟ್ಟಿದರು. ಆ ನೂಕುನುಗ್ಗಲನ್ನು ಕಂಡವರು ‘ಅಲಬಾಮ ಜ್ವರ’ ಎಂದು ಕರೆದರು. 1819ರ ಡಿಸೆಂಬರ್ 14ರಂದು ಅಲಬಾಮವು 22ನೆಯ ರಾಜ್ಯವಾಗಿ ಒಕ್ಕೂಟವನ್ನು ಸೇರಿತು. 1820ರಲ್ಲಿ ಸುಮಾರು 1 ಲಕ್ಷ 28 ಸಾವಿರವಿದ್ದ ಜನಸಂಖ್ಯೆ 1860ರಲ್ಲಿ 9 ಲಕ್ಷ 64 ಸಾವಿರಕ್ಕೆ ಏರಿತು. ಅವರಲ್ಲಿ 4 ಲಕ್ಷ 35 ಸಾವಿರ ಮಂದಿ, ಎಂದರೆ ನೂರಕ್ಕೆ ನಲವತ್ತೈದು ಜನ, ಗುಲಾಮರು.

ಈ ಗುಲಾಮರು ಆಫ್ರಿಕದಿಂದ ಹಿಡಿದು ತಂದವರ ಸಂತತಿ. ವರ್ಜೀನಿಯ, ಮೇರಿಲ್ಯಾಂಡ್ ಮುಂತಾದ ರಾಜ್ಯಗಳಲ್ಲಿ ವ್ಯಾಪಾರಿಗಳು ಅವರನ್ನು ಕೊಂಡು, ಸರಪಳಿಯಲ್ಲಿ ಜೋಡಿಸಿ, ನೂರಾರು ಮೈಲಿ ಕಾಲುನಡಿಗೆಯಿಂದ ತರುತ್ತಿದ್ದರು. ಕೆಲವರನ್ನು ಹಡಗಿನಲ್ಲಿ, ಮುಂದೆ ರೈಲಿನಲ್ಲಿ ತಂದರು. ಮಾಂಟ್‌ಗಮರಿಯ ಸಂತೆಯಲ್ಲಿ ದನಗಳನ್ನು ಮಾರುವಂತೆ ಮನುಷ್ಯರನ್ನು ಹರಾಜು ಹಾಕಲಾಗುತ್ತಿತ್ತು. ತಾಯಿ ಒಬ್ಬನ ಪಾಲಾದರೆ ಮಗು ಮತ್ತೊಬ್ಬನ ಪಾಲಾಗುತ್ತಿತ್ತು. ಕರಿಮಣ್ಣಿನ ಪಟ್ಟಿಯಲ್ಲಿ ಜಮೀನುಗಳು ವಿಶಾಲವಾಗಿದ್ದುದರಿಂದ ಗುಲಾಮರ ಸಂಖ್ಯೆ ಬಿಳಿಯರ ಸಂಖ್ಯೆಯನ್ನು ಮೀರಿತು. ಉತ್ತರದ ಬೆಟ್ಟಗಳಲ್ಲಿ ಮಣ್ಣು ತೆಳುವಾದ್ದರಿಂದ ಅಲ್ಲಿ ಗುಲಾಮರು ಕಡಿಮೆ; ಅಲ್ಲಿನ ಬಡ ಬಿಳಿಯ ರೈತರು ತಮ್ಮ ಹೊಲವನ್ನು ತಾವೇ ಉಳುತ್ತಿದ್ದರು. ಗುಲಾಮರಿಗೆ ಓದುಬರಹ ಕಲಿಸಿದವರಿಗೆ ದಂಡ ವಿಧಿಸುವ ಕಾನೂನನ್ನು ರಾಜ್ಯವು 1832ರಲ್ಲಿ ಮಾಡಿತು. ಅಕ್ಷರಕ್ಕೆ ಹೆದರಿದ ಆಳ್ವಿಕೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 1860ರ ಹೊತ್ತಿಗೆ ಅಲಬಾಮದ ಹತ್ತಿಯ ಬೆಳೆ 10 ಲಕ್ಷ ಬೇಲುಗಳನ್ನು ಸಮೀಪಿಸಿತ್ತು. ಇದಕ್ಕಿಂತ ಹೆಚ್ಚು ಬೆಳೆದ ರಾಜ್ಯ ಮಿಸಿಸಿಪಿಯೊಂದೇ.

ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಹಟದಿಂದ ಅಲಬಾಮವು 1861ರ ಜನವರಿ 11ರಂದು ಒಕ್ಕೂಟದಿಂದ ಸಿಡಿದು ಹೊರಬಂದಿತು. ದಕ್ಷಿಣದ ರಾಜ್ಯಗಳು ಕೂಡಿ ರಚಿಸಿಕೊಂಡ ಪ್ರತ್ಯೇಕ ಒಕ್ಕೂಟಕ್ಕೆ ಮಾಂಟ್‌ಗಮರಿಯೇ ಮೊದಲ ರಾಜಧಾನಿ. ಅಲ್ಲಿನ ಶಾಸನಭವನದ ಮುಂಭಾಗದಲ್ಲಿ ಫೆಬ್ರವರಿ 18ರಂದು ಜೆಫರ್‌ಸನ್ ಡೇವಿಸ್ ಅದರ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದನು. ಈ ಸ್ಥಳವನ್ನು ನೆನಪಿನಲ್ಲಿಡಿ. ನಾವು ಮತ್ತೆ ಇಲ್ಲಿಗೆ ಬರುವವರಿದ್ದೇವೆ.

ಅಂತರ್ಯುದ್ಧದ ಬಿಸಿ ನಮ್ಮ ನಾಡನ್ನೂ ತಟ್ಟಿತು. ಉತ್ತರದವರ ನೌಕಾಪಡೆಯು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆಗ ಅವರ ಕಣ್ಣು ಭಾರತದ ಮೇಲೆ ಬಿದ್ದಿತು. 1840ರ ದಶಕದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಬೀಜವನ್ನು ತರಿಸಿ ಭಾರತದ ಹಲವೆಡೆ ಬಿತ್ತಿಸಿ ನೋಡಿತ್ತು. ಬಹಳ ಕಡೆ ಕೈಕೊಟ್ಟ ಆ ತಳಿ ಧಾರವಾಡ ಸೀಮೆಯ ಎರೆಯಲ್ಲಿ ಬೇರೂರಿತು. ‘ಧಾರವಾಡ ಅಮೆರಿಕನ್’ ಎಂದು ಹೆಸರೂ ಪಡೆಯಿತು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಗಗನಕ್ಕೇರಿತು. ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಸಾಗಿಸುವ ಆಲೋಚನೆ ನಡೆಯಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸುವುದರಲ್ಲಿ ಹತ್ತಿಯ ವ್ಯಾಪಾರಿಗಳ ಒತ್ತಾಯವೂ ಇದ್ದಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು, ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ್ದವರು ತೊಂದರೆಗೆ ಸಿಕ್ಕಿದರು.

ಯುದ್ಧದಲ್ಲಿ ದಕ್ಷಿಣದವರು ಸೋತರು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ತೊಡೆದುಹಾಕಿತು. 1870ರ 15ನೆಯ ತಿದ್ದುಪಡಿಯು ಕಪ್ಪು ಗಂಡಸರಿಗೂ ಮತದ ಹಕ್ಕನ್ನು ನೀಡಿತು. ಅದೇ ವರ್ಷ ಕರಿಮಣ್ಣಿನ ಪಟ್ಟಿಯ ಸೆಲ್ಮಾ ಪಟ್ಟಣದಿಂದ ಬೆಂಜಮಿನ್ ಟರ್ನರ್ ಎಂಬವರು ರಾಷ್ಟ್ರದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಐದು ವರ್ಷಗಳ ಹಿಂದೆ ಅವರು ಗುಲಾಮರಾಗಿದ್ದರು. ಆದರೆ ಈ ಬೆಳಕು ಬಹುಕಾಲ ನಿಲ್ಲಲಿಲ್ಲ. ಹೊಡೆತ, ಬೆದರಿಕೆ, ಮತಗಳ ಕಳವು ಇವುಗಳಿಂದ ಹಳೆಯ ಜಮೀನುದಾರರು ಅಧಿಕಾರಕ್ಕೆ ಮರಳಿದರು. 1901ರಲ್ಲಿ ರಾಜ್ಯಕ್ಕೆ ಹೊಸ ಸಂವಿಧಾನವೊಂದನ್ನು ರಚಿಸಲು ಸಭೆ ಸೇರಿತು. ಬಿಳಿಯರ ಆಧಿಪತ್ಯವನ್ನು ಕಾನೂನಿನ ಮೂಲಕ ಸ್ಥಾಪಿಸುವುದೇ ತಮ್ಮ ಗುರಿಯೆಂದು ಅದರ ಅಧ್ಯಕ್ಷನು ಮುಚ್ಚುಮರೆಯಿಲ್ಲದೆ ಹೇಳಿದನು. ತಲೆಗಂದಾಯ, ಓದುಬರಹದ ಪರೀಕ್ಷೆ, ಆಸ್ತಿಯ ನಿಬಂಧನೆ ಹೀಗೆ ಒಂದರ ಮೇಲೊಂದು ಬೇಲಿ ಹಾಕಲಾಯಿತು. ಸುಮಾರು 1 ಲಕ್ಷ 80 ಸಾವಿರವಿದ್ದ ಅರ್ಹ ಕಪ್ಪು ಮತದಾರರಲ್ಲಿ 1903ರ ವೇಳೆಗೆ ಪಟ್ಟಿಯಲ್ಲಿ ಉಳಿದವರು ಸುಮಾರು ಮೂರು ಸಾವಿರ. ಬಡ ಬಿಳಿಯರೂ ಅನೇಕರು ಹಕ್ಕು ಕಳೆದುಕೊಂಡರು. ಇದರಲ್ಲೊಂದು ವಿಪರ್ಯಾಸವಿದೆ. ಕರಿಮಣ್ಣಿನ ಪಟ್ಟಿಯ ಹೊರಗೆ ಈ ಸಂವಿಧಾನಕ್ಕೆ ವಿರುದ್ಧವಾಗಿ ಬಿದ್ದ ಮತಗಳೇ ಹೆಚ್ಚು. ಕಪ್ಪು ಜನರೇ ತುಂಬಿದ್ದ ಪಟ್ಟಿಯಲ್ಲಿ ಮಾತ್ರ, ವಂಚನೆಯ ಎಣಿಕೆಯಿಂದ, ಭಾರಿ ಬಹುಮತ ತೋರಿಸಲಾಯಿತು. ತಮ್ಮ ಹಕ್ಕನ್ನು ಕಿತ್ತುಕೊಳ್ಳಲು ತಾವೇ ಮತ ಹಾಕಿದರೆಂದು ಅವರ ಹೆಸರಿನಲ್ಲಿ ಬರೆದುಕೊಂಡಂತಾಯಿತು.

ಮತವಿಲ್ಲದವರಿಗೆ ನೆಲವೂ ಇರಲಿಲ್ಲ. ಬಿಡುಗಡೆ ಹೊಂದಿದವರು ಅದೇ ಜಮೀನುಗಳಲ್ಲಿ ಕೋರುಪಾಲಿನ ಬೇಸಾಯಕ್ಕೆ ನಿಂತರು. ಬೀಜ, ಹೇಸರಗತ್ತೆ, ಜೋಳದ ಹಿಟ್ಟು ಎಲ್ಲವೂ ಒಡೆಯನ ಅಂಗಡಿಯಿಂದ ಸಾಲವಾಗಿ ಬರಬೇಕು. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಒಡೆಯನೇ. ವರ್ಷವರ್ಷವೂ ಹತ್ತಿಯನ್ನೇ ಬಿತ್ತಿದ್ದರಿಂದ ಮಣ್ಣಿನ ಸಾರವೂ ಇಳಿಯಿತು. 1896ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಸಸ್ಯವಿಜ್ಞಾನಿ ಟಸ್ಕೀಗಿಗೆ ಬಂದಾಗ ಕಂಡದ್ದು ಇಂತಹ ಸೊರಗಿದ ಹೊಲಗಳನ್ನು. ಟಸ್ಕೀಗಿಯ ವಿದ್ಯಾಸಂಸ್ಥೆಯನ್ನು 1881ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಆರಂಭಿಸಿದ್ದರು. ಇಬ್ಬರೂ ಹುಟ್ಟಿನಿಂದ ಗುಲಾಮರು. ಅಲಸಂದೆ, ಕಡಲೆಕಾಯಿಯಂತಹ ಗಿಡಗಳ ಬೇರಿನ ಗಂಟುಗಳಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ; ಆದ್ದರಿಂದ ಹತ್ತಿಯೊಡನೆ ಇವನ್ನು ಸರದಿಯಲ್ಲಿ ಬೆಳೆಯಿರಿ ಎಂದು ಕಾರ್ವರ್ ರೈತರಿಗೆ ಕಲಿಸಿದರು. ಓದಲಾರದ ರೈತರ ಬಳಿಗೆ 1906ರಿಂದ ಒಂದು ಗಾಡಿಯಲ್ಲಿ ಶಾಲೆಯನ್ನೇ ಕಳುಹಿಸಿದರು. ಕಡಲೆಕಾಯಿ, ಗೆಣಸುಗಳಿಂದ ಮನೆಯಲ್ಲಿ ಏನೇನು ಮಾಡಿಕೊಳ್ಳಬಹುದೆಂದು ಸರಳವಾದ ಪುಸ್ತಿಕೆಗಳನ್ನು ಬರೆದರು. ಕಡಲೆಕಾಯಿಯ ಬೆಣ್ಣೆಯನ್ನು ಕಂಡುಹಿಡಿದವರು ಇವರೇ ಎಂದು ಕೆಲವು ಪುಸ್ತಕಗಳು ಹೇಳುವುದುಂಟು; ಅದು ನಿಜವಲ್ಲ, ಅವರ ಹಿರಿಮೆಗೆ ಅದು ಬೇಕಾಗಿಯೂ ಇಲ್ಲ.

ಹತ್ತಿಯ ಗರ್ವವನ್ನು ಕೊನೆಗೆ ಮುರಿದುದು ಒಂದು ಕೀಟ. ಅಕ್ಕಿಕಾಳಿನಷ್ಟು ಗಾತ್ರದ ಮೂತಿಹುಳುವೊಂದು 1892ರ ಹೊತ್ತಿಗೆ ಮೆಕ್ಸಿಕೊದಿಂದ ಟೆಕ್ಸಾಸಿಗೆ ದಾಟಿ, ವರ್ಷವರ್ಷವೂ ಪೂರ್ವಕ್ಕೆ ಸರಿಯುತ್ತ 1910ರ ಸುಮಾರಿಗೆ ಅಲಬಾಮವನ್ನು ಹೊಕ್ಕಿತು. ಹತ್ತಿಯ ಮೊಗ್ಗಿನೊಳಗೆ ಮೊಟ್ಟೆಯಿಟ್ಟು ಬೆಳೆಯನ್ನು ಅರಳುವ ಮೊದಲೇ ಉದುರಿಸುವುದು ಅದರ ಕೆಲಸ. ಆಗ್ನೇಯ ಭಾಗದ ಕಾಫೀ ಕೌಂಟಿಯ ರೈತರು ಬೇರೆ ಗತಿಯಿಲ್ಲದೆ ಕಡಲೆಕಾಯಿ ಬಿತ್ತಿದರು; ಬಿತ್ತಿ ಶ್ರೀಮಂತರಾದರು. 1919ರ ಡಿಸೆಂಬರಿನಲ್ಲಿ ಎಂಟರ್‌ಪ್ರೈಸ್ ಎಂಬ ಪಟ್ಟಣದ ಜನ ಆ ಹುಳುವಿನ ಉಪಕಾರಕ್ಕಾಗಿ ನಡುಬೀದಿಯಲ್ಲಿ ಒಂದು ಸ್ಮಾರಕವನ್ನೇ ನಿಲ್ಲಿಸಿದರು. ಬೆಳೆ ತಿಂದ ಕೀಟಕ್ಕೆ ಸ್ಮಾರಕ ಕಟ್ಟಿದ ಊರು ಬಹಳವಿರಲಾರದು. ಇತ್ತ ಕರಿಮಣ್ಣಿನ ಪಟ್ಟಿಯ ಪಾಲುಗಾರರಲ್ಲಿ ಅನೇಕರು ಗಂಟುಮೂಟೆ ಕಟ್ಟಿ ಷಿಕಾಗೊ, ಡೆಟ್ರಾಯಿಟ್ ಮೊದಲಾದ ಬಡಗಣ ನಗರಗಳ ರೈಲು ಹತ್ತಿದರು.

ರಾಜ್ಯದ ಉತ್ತರ ಭಾಗ ಬೇರೆ ದಾರಿಯನ್ನು ಹಿಡಿಯಿತು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಹತ್ತಿರ ಹತ್ತಿರದಲ್ಲೇ ದೊರೆಯುವ ಎಡೆಯಲ್ಲಿ 1871ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಹುಟ್ಟಿ ದಕ್ಷಿಣದ ಉಕ್ಕಿನ ಕೇಂದ್ರವಾಯಿತು. 1933ರಲ್ಲಿ ಆರಂಭವಾದ ಟೆನೆಸೀ ಕಣಿವೆಯ ಯೋಜನೆಯಿಂದ ಉತ್ತರದ ಹಳ್ಳಿಗಳಿಗೆ ವಿದ್ಯುತ್ತು ಬಂದಿತು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಇದೇ ಮಾದರಿ. ಹಂಟ್ಸ್‌ವಿಲ್ ಎಂಬಲ್ಲಿ 1960ರಲ್ಲಿ ಸ್ಥಾಪನೆಯಾದ ಮಾರ್ಷಲ್ ಆಕಾಶಯಾನ ಕೇಂದ್ರವು ಮನುಷ್ಯನನ್ನು ಚಂದ್ರನಲ್ಲಿಗೆ ಒಯ್ದ ಸ್ಯಾಟರ್ನ್ ರಾಕೆಟ್ಟನ್ನು ರೂಪಿಸಿತು. ಕುರುಡುತನ ಕಿವುಡುತನಗಳನ್ನು ಗೆದ್ದ ಹೆಲೆನ್ ಕೆಲರ್ ಹುಟ್ಟಿದ್ದೂ (1880) ಈ ಭಾಗದ ಟಸ್ಕಂಬಿಯ ಎಂಬ ಊರಿನಲ್ಲಿಯೇ.

ಚಂದ್ರನಿಗೆ ದಾರಿ ಹುಡುಕುತ್ತಿದ್ದ ಅದೇ ರಾಜ್ಯದಲ್ಲಿ ಕಪ್ಪು ಮನುಷ್ಯನು ಬಸ್ಸಿನ ಮುಂಭಾಗದಲ್ಲಿ ಕೂರುವಂತಿರಲಿಲ್ಲ. 1955ರ ಡಿಸೆಂಬರ್ 1ರ ಸಂಜೆ ಮಾಂಟ್‌ಗಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆ ಹೊಲಿಗೆಯ ಕೆಲಸ ಮುಗಿಸಿ ಬಸ್ಸು ಹತ್ತಿದರು. ಬಿಳಿಯ ಪ್ರಯಾಣಿಕನಿಗಾಗಿ ಎದ್ದೇಳೆಂದು ಚಾಲಕನು ಗದರಿಸಿದಾಗ ಅವರು ಏಳಲಿಲ್ಲ. ದಣಿವಿನಿಂದ ಏಳಲಿಲ್ಲವೆಂದು ಕೆಲವರು ಬರೆದರು. ತನ್ನ ಮೈ ದಣಿದಿರಲಿಲ್ಲ, ಬಗ್ಗಿ ಬಗ್ಗಿ ಮನಸ್ಸು ದಣಿದಿತ್ತು ಎಂಬರ್ಥದಲ್ಲಿ ಅವರೇ ಅದನ್ನು ಮುಂದೆ ತಿದ್ದಿದರು. ಪೊಲೀಸರು ಅವರನ್ನು ಬಂಧಿಸಿದರು. ಡಿಸೆಂಬರ್ 5ರಿಂದ ನಗರದ ಕಪ್ಪು ಜನರು ಬಸ್ಸು ಹತ್ತುವುದನ್ನೇ ಬಿಟ್ಟರು. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದು ಹೋದರು. ಕಾರಿದ್ದವರು ಇಲ್ಲದವರನ್ನು ಕರೆದೊಯ್ದರು. ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಎಂಬ 26 ವರ್ಷದ ತರುಣ ಪಾದ್ರಿ. 1956ರ ಜನವರಿಯಲ್ಲಿ ಅವರ ಮನೆಗೆ ಬಾಂಬು ಬಿದ್ದಾಗ ಕೋಪದಿಂದ ನೆರೆದ ಜನರನ್ನು ಅವರೇ ಸಮಾಧಾನಪಡಿಸಿ ಮನೆಗೆ ಕಳುಹಿಸಿದರು. ಗಾಂಧೀಜಿಯವರ ಸತ್ಯಾಗ್ರಹದಿಂದ ತಾವು ಹೋರಾಟದ ಮಾರ್ಗವನ್ನು ಕಲಿತೆವೆಂದು ಕಿಂಗ್ ಹೇಳಿಕೊಂಡಿದ್ದಾರೆ. 1959ರಲ್ಲಿ ಭಾರತಕ್ಕೂ ಬಂದುಹೋದರು. 381 ದಿನಗಳ ಬಹಿಷ್ಕಾರದ ಕೊನೆಗೆ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ, ಬಸ್ಸಿನಲ್ಲಿನ ಭೇದ ಅಳಿಯಿತು.

ಆದರೆ ಮತದ ಹಕ್ಕಿಲ್ಲದೆ ಬಸ್ಸಿನ ಆಸನದಿಂದೇನು? ಸೆಲ್ಮಾ ಪಟ್ಟಣವಿರುವ ಡಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿ ಕಪ್ಪು ಜನರಾಗಿದ್ದರೂ ಅವರಲ್ಲಿ ನೂರಕ್ಕೆ ಇಬ್ಬರು ಮೂವರ ಹೆಸರು ಮಾತ್ರ ಪಟ್ಟಿಯಲ್ಲಿದ್ದಿತು. 1965ರ ಮಾರ್ಚ್ 7ರ ಭಾನುವಾರ ಸುಮಾರು ಆರುನೂರು ಜನ ರಾಜಧಾನಿಗೆ ಕಾಲುನಡಿಗೆಯಲ್ಲಿ ಹೊರಟರು. ಊರಿನ ಅಂಚಿನಲ್ಲಿ ಅಲಬಾಮ ನದಿಯ ಮೇಲೆ ಒಂದು ಸೇತುವೆಯಿದೆ. ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದ ಎಡ್ಮಂಡ್ ಪೆಟಸ್ ಎಂಬ ಸೇನಾನಿಯ ಹೆಸರು ಅದಕ್ಕೆ. ಸೇತುವೆ ದಾಟಿದೊಡನೆ ರಾಜ್ಯದ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳೊಡನೆ ಅವರ ಮೇಲೆ ಬಿದ್ದರು. ಮುಂದಿನ ಸಾಲಿನಲ್ಲಿದ್ದ ಜಾನ್ ಲೂಯಿಸ್ ಎಂಬ 25ರ ಯುವಕನ ತಲೆಬುರುಡೆ ಬಿರಿಯಿತು. ಆ ರಾತ್ರಿ ದೂರದರ್ಶನದಲ್ಲಿ ಇದನ್ನು ಕಂಡ ದೇಶ ತತ್ತರಿಸಿತು. ಲೂಯಿಸ್ ಬದುಕಿ ಉಳಿದು, ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. 2020ರ ಜುಲೈ 26ರಂದು ಅವರ ಪಾರ್ಥಿವ ಶರೀರವನ್ನು ಕುದುರೆಗಾಡಿಯಲ್ಲಿ ಅದೇ ಸೇತುವೆಯ ಮೇಲೆ ಒಯ್ದಾಗ ಅಲಬಾಮದ ಪೊಲೀಸರು ಸೆಲ್ಯೂಟ್ ಮಾಡಿ ಗೌರವಿಸಿದರು.

ನ್ಯಾಯಾಲಯದ ಅಪ್ಪಣೆ ಪಡೆದು, ಸೈನಿಕರ ರಕ್ಷಣೆಯಲ್ಲಿ, 1965ರ ಮಾರ್ಚ್ 21ರಂದು ಜನ ಮತ್ತೆ ಹೊರಟರು. ಸೆಲ್ಮಾದಿಂದ ಮಾಂಟ್‌ಗಮರಿಗೆ 54 ಮೈಲಿ. ಆ ದಾರಿ ನಮ್ಮ ಕರಿಮಣ್ಣಿನ ಪಟ್ಟಿಯ ಎದೆಯ ಮೇಲೆಯೇ ಹಾದುಹೋಗುತ್ತದೆ. ನಡುವೆ ಸಿಗುವುದು ಲೌಂಡ್ಸ್ ಕೌಂಟಿ. ಅಲ್ಲಿನ ಜನರಲ್ಲಿ ನೂರಕ್ಕೆ ಎಂಬತ್ತು ಮಂದಿ ಕಪ್ಪು ಜನರು. 1965ರ ಆರಂಭದಲ್ಲಿ ಅವರಲ್ಲಿ ಒಬ್ಬನೇ ಒಬ್ಬನ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಸ್ವಂತ ನೆಲವಿದ್ದ ಕೆಲವೇ ಕಪ್ಪು ರೈತರು, ತಮಗಾಗಬಹುದಾದ ಕೇಡನ್ನು ಅರಿತೂ, ನಡೆಯುವವರು ರಾತ್ರಿ ತಂಗಲು ತಮ್ಮ ಹೊಲಗಳನ್ನು ಬಿಟ್ಟುಕೊಟ್ಟರು. ಮಳೆ ಸುರಿದು ಆ ಹೊಲಗಳು ಕೆಸರಾದವು. ಡೇರೆಗಳ ತಳದಲ್ಲಿ ಒಣಹುಲ್ಲು ಹಾಸಿಕೊಂಡು ಜನ ಮಲಗಿದರು. ಮಾರ್ಚ್ 25ರಂದು ಮಾಂಟ್‌ಗಮರಿಯನ್ನು ಹೊಕ್ಕಾಗ ಅವರ ಸಂಖ್ಯೆ 25 ಸಾವಿರಕ್ಕೆ ಏರಿದ್ದಿತು. ಕಿಂಗ್ ಮಾತನಾಡಿದುದು ಶಾಸನಭವನದ ಮೆಟ್ಟಿಲುಗಳ ಮುಂದೆ. 104 ವರ್ಷಗಳ ಹಿಂದೆ ಡೇವಿಸ್ ಪ್ರಮಾಣವಚನ ಸ್ವೀಕರಿಸಿದ ಸ್ಥಳದೆದುರಿನಲ್ಲಿ. ಅದೇ ವರ್ಷದ ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು.

ಹಕ್ಕು ಬಂದೊಡನೆ ಬೆಲೆಯನ್ನೂ ತೆರಬೇಕಾಯಿತು. ಲೌಂಡ್ಸಿನಲ್ಲಿ ಹೆಸರು ಬರೆಯಿಸಿದ ಪಾಲುಗಾರರನ್ನು ಜಮೀನುದಾರರು ಗುಡಿಸಿಲುಗಳಿಂದ ಹೊರಹಾಕಿದರು. 1965ರ ಡಿಸೆಂಬರಿನ ಚಳಿಯಲ್ಲಿ ಆ ಕುಟುಂಬಗಳು ಹೆದ್ದಾರಿಯ ಬದಿಯಲ್ಲಿ ಡೇರೆ ಹಾಕಿಕೊಂಡವು. ಮಕ್ಕಳೂ ಮುದುಕರೂ ಅಲ್ಲಿಯೇ ಎರಡು ವರ್ಷಗಳ ಕಾಲ ದಿನ ಕಳೆದರು. ರಾತ್ರಿ ಕಾರುಗಳಲ್ಲಿ ಬಂದು ಗುಂಡು ಹಾರಿಸಿ ಹೋಗುವವರಿದ್ದರು. ಆದರೂ ಅವರು ಕದಲಲಿಲ್ಲ. ತಮ್ಮದೇ ಒಂದು ಪಕ್ಷವನ್ನೂ ಕಟ್ಟಿದರು. ಓದುಬಾರದ ಮತದಾರರಿಗಾಗಿ ಅಲಬಾಮದಲ್ಲಿಯೂ, ನಮ್ಮಲ್ಲಿರುವಂತೆ, ಪಕ್ಷಗಳಿಗೆ ಚಿಹ್ನೆಯಿರುತ್ತಿತ್ತು. ಲೌಂಡ್ಸಿನವರು ಆರಿಸಿಕೊಂಡದ್ದು ಕರಿಚಿರತೆ. 1966ರ ಚುನಾವಣೆಯಲ್ಲಿ ಅವರು ಸೋತರು. 1970ರಲ್ಲಿ ಜಾನ್ ಹ್ಯೂಲೆಟ್ ಎಂಬ ಕಪ್ಪು ಮುಂದಾಳು ಕೌಂಟಿಯ ಷೆರೀಫ್, ಎಂದರೆ ಪೊಲೀಸ್ ಮುಖ್ಯಾಧಿಕಾರಿ, ಆಗಿ ಆಯ್ಕೆಯಾದರು. ಐದು ವರ್ಷಗಳ ಹಿಂದೆ ಮತವೇ ಇಲ್ಲದಿದ್ದವರು ಈಗ ಪೊಲೀಸರ ಅಧಿಕಾರಿಯನ್ನು ಆರಿಸಿದರು.

ಮತದ ಮಾತು ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ, ಅಲಬಾಮದ್ದೇ ಆದ ಷೆಲ್ಬಿ ಕೌಂಟಿಯ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು 1965ರ ಕಾಯಿದೆಯ ಒಂದು ಮುಖ್ಯ ಭಾಗವನ್ನು ನಿಷ್ಕ್ರಿಯಗೊಳಿಸಿತು. 1901ರ ಸಂವಿಧಾನದಲ್ಲಿ ಉಳಿದಿದ್ದ ವರ್ಣಭೇದದ ಮಾತುಗಳನ್ನು ತೆಗೆದುಹಾಕಿದ ಹೊಸ ಪಾಠಕ್ಕೆ ರಾಜ್ಯದ ಮತದಾರರು 2022ರಲ್ಲಿ ಒಪ್ಪಿಗೆ ಕೊಟ್ಟರು.

ಕರಿಮಣ್ಣಿನ ಪಟ್ಟಿಯಲ್ಲಿ ಹತ್ತಿ ಈಗ ಹಿಂದಿನ ದೊರೆಯಲ್ಲ. ಅನೇಕ ಹೊಲಗಳು ಹುಲ್ಲುಗಾವಲುಗಳಾಗಿವೆ, ಪೈನ್ ತೋಪುಗಳಾಗಿವೆ. ನೀರನ್ನು ಇಂಗಗೊಡದ ಆ ಜಿಗುಟುಮಣ್ಣಿನಲ್ಲಿ ಕೊಳ ತೋಡಿದರೆ ಸೋರುವುದಿಲ್ಲವಾದ್ದರಿಂದ ಪಶ್ಚಿಮದ ಕೆಲವು ಕೌಂಟಿಗಳಲ್ಲಿ ಮೀನು ಸಾಕಣೆ ನಡೆಯುತ್ತದೆ. ಅದೇ ಗುಣವೇ ಲೌಂಡ್ಸಿನ ಬಡವರಿಗೆ ಶಾಪವಾಗಿದೆ. ಹಳ್ಳಿಗಳಲ್ಲಿ ಚರಂಡಿಯ ವ್ಯವಸ್ಥೆಯಿಲ್ಲ. ಮನೆಯ ಹೊಲಸುನೀರನ್ನು ಗುಂಡಿಗೆ ಬಿಟ್ಟರೆ ಮಣ್ಣು ಅದನ್ನು ಹೀರದು. ಮಳೆ ಬಂದಾಗ ಅದು ಅಂಗಳಕ್ಕೇ ತಿರುಗಿ ಬರುತ್ತದೆ. ಈ ಮಣ್ಣಿಗೆ ಹೊಂದುವ ಗುಂಡಿಯನ್ನು ಕಟ್ಟಿಸಲು ಸಾವಿರಾರು ಡಾಲರು ಬೇಕು. ಇದನ್ನು ಸರಿಪಡಿಸಲು 2023ರಲ್ಲಿ ಕೇಂದ್ರ ಸರ್ಕಾರಕ್ಕೂ ರಾಜ್ಯದ ಆರೋಗ್ಯ ಇಲಾಖೆಗೂ ಒಂದು ಒಪ್ಪಂದವಾಯಿತು. 2025ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವೇ ಅದನ್ನು ಕೊನೆಗೊಳಿಸಿತು. ಡೇರೆಗಳು ನಿಂತಿದ್ದ ಹೆದ್ದಾರಿಯ ಬದಿಯಲ್ಲಿ ಈಗ ಆ ಹೋರಾಟದ ವಸ್ತುಸಂಗ್ರಹಾಲಯವಿದೆ. ಅದೇ ಕೌಂಟಿಯ ಹಳ್ಳಿಗಳಲ್ಲಿ ಹೊಲಸುನೀರಿನ ಗುಂಡಿಗಳಿಗಾಗಿ ಜನ ಅರ್ಜಿ ಹಿಡಿದು ಅಲೆದರು.